ಅರ್ಧ ನಿಮಿಷ ತಡವಾಗಿ

ಫೆಬ್ರವರಿ 16, ಭಾನುವಾರ. ಬೆಳಿಗ್ಗೆ 9.30

ಮೂರ್ತಿ ಕ್ಯಾಮೆರಾ ಆನ್ ಮಾಡಿದ್ರು. ಮೊದಲು ಕಂಡಿದ್ದು ಅವರ ಚಪ್ಪಲಿ. ಆಮೇಲೆ ಛತ್ರದ ಸೀಲಿಂಗು. ಆಮೇಲೆ ಮಂಟಪ. ಪ್ರತಿ ಮದುವೇಲೂ ಇದೇ ಕ್ರಮ. ಸೌಂಡ್ ಚೆನ್ನಾಗಿದೆ. ಕಲರ್ ಸ್ವಲ್ಪ ಹಳದಿ... ಇರಲಿ, ಮದುವೆ ಮನೆ ತಾನೆ, ಅರಿಶಿನ ಅಂದ್ಕೋತಾರೆ.

ಮದುವೆ ನಂಜನಗೂಡಲ್ಲಿ. ನಾನು ನರಸೀಪುರದಲ್ಲಿ, ಅವ್ವನ ಮನೇಲಿ, ಎಡಮಗ್ಗುಲಾಗಿ ಮಲಗಿಕೊಂಡು. ಪಕ್ಕದಲ್ಲಿ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್. ಐದು ತಿಂಗಳು ತುಂಬಿತು. ಹೋದ ವರ್ಷ ಇದೇ ಐದಕ್ಕೆ ಮಗು ಹೋಗಿಬಿಡ್ತು. ಈ ಸಲ ಡಾಕ್ಟರಮ್ಮ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿ, "ಬಾತ್‌ರೂಮಿಗೆ ಬಿಟ್ಟರೆ ಬೇರೆಲ್ಲಿಗೂ ಏಳಬೇಡಿ" ಅಂದಿದಾರೆ. ನನ್ನ ಮನೇಲೇ ಇದ್ದಿದ್ರೆ ಸುಮ್ಮನೆ ಮಲಗ್ತಿದ್ನಾ ನಾನು? ಅದಕ್ಕೇ ತವರಿಗೆ ಸಾಗಿಸಿದ್ರು.

ಕೆಲಸ ಮಾತ್ರ ಬಿಟ್ಟಿಲ್ಲ. ಮದುವೆ ಲೈವ್ ಕಳಿಸೋದು ನಮ್ಮ ಅನ್ನ. ನಮ್ಮನೆಯವರು, ಮೂರ್ತಿ, ಅಲ್ಲಿ ಶೂಟ್ ಮಾಡ್ತಾರೆ, ನಾನು ಇಲ್ಲಿಂದ ಸರ್ವರ್ ನೋಡ್ಕೋತೀನಿ. ಮೊದಲು ಫ್ರೀ ಸೈಟಲ್ಲೇ ಬಿಡ್ತಿದ್ವಿ. ಬನ್ನೂರಿನ ಒಂದು ಮದುವೇಲಿ ವಾಲಗದವರು ಸಿನಿಮಾ ಹಾಡು ಊದಿದ್ರು. ಇದು ಯಾರದೋ ಹಕ್ಕಿನ ಹಾಡು ಅಂತ ಸೈಟಿನವರ ಮಿಷನ್ನು ಕಂಡುಹಿಡಿದು, ಸರಿಯಾಗಿ ತಾಳಿ ಕಟ್ಟೋ ಹೊತ್ತಿಗೆ ಲೈವ್ ಕಟ್. ಹುಡುಗಿಯ ಸೋದರಮಾವ ದುಬೈನಲ್ಲಿ ಕೂತು ಬೈದದ್ದು ಇನ್ನೂ ಕಿವೀಲಿದೆ. ಆಮೇಲೆ ನಾವೇ ಒಂದು ಸರ್ವರ್ ಬಾಡಿಗೆಗೆ ಹಿಡಿದ್ವಿ. ಮುಂಬೈನಲ್ಲಿದೆಯಂತೆ. ವೀಡಿಯೋ, ಆಡಿಯೋ ಕಳಿಸೋದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ. ನನಗೂ ಈಗ ಒಂದೇ ಕೆಲಸ. ಇಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿದೆ.

ಫೆಬ್ರವರಿ 19

ಅವ್ವ ಬೆಳಿಗ್ಗೆಯಿಂದ ಸುತ್ತ ಸುಳಿದಾಡ್ತಿದ್ಲು. ಕೊನೆಗೆ ಕೇಳೇಬಿಟ್ಲು. "ಅದ್ಯಾನವ್ವಾ ಇಂದ್ರಾ, ಆ ಪೆಟ್ಗೇಲಿ ಒಂದಿಷ್ಟ್ ಗೆರೆ ನೋಡ್ಕಂಡ್ ಬಿದ್ದಿರ್ತೀಯ?"

ಹೇಳಿದೆ. ಕ್ಯಾಮೆರಾದಿಂದ ಹೊರಡೋದು ಒಂದೇ ವೀಡಿಯೋ. ಸರ್ವರ್ ಅದನ್ನ ನಾಲ್ಕೈದು ಸೆಕೆಂಡಿನ ತುಣುಕು ಮಾಡುತ್ತೆ. ಪ್ರತಿ ತುಣುಕನ್ನೂ ಮೂರು ಸೈಜಲ್ಲಿ ಇಟ್ಕೊಳ್ಳುತ್ತೆ. ದೊಡ್ಡ ಟೀವಿಗೆ ದೊಡ್ಡದು, ನೆಟ್ ಸರಿ ಇಲ್ಲದ ಊರಿನ ಫೋನಿಗೆ ಚಿಕ್ಕದು. ನೋಡೋರ ಫೋನು ತನಗೆ ತಡೆಯುವಷ್ಟನ್ನ ಕೇಳಿ ತಗೊಂಡು, ಒಂದರ ಹಿಂದೆ ಒಂದು ಜೋಡಿಸಿ ತೋರಿಸುತ್ತೆ. ಒಂದೇ ಸಲಕ್ಕೆ ಐನೂರು ಜನ ಕೇಳಿದ್ರೂ ಕೊಡಬೇಕು. ಬೇರೆ ಕೆಲಸವೂ ಮಾಡೋ ಸರ್ವರಾದ್ರೆ ಅಲ್ಲೇ ಉಸಿರು ಕಟ್ಟುತ್ತೆ.

ಅವ್ವ ಇಪ್ಪತ್ತು ವರ್ಷ ಸ್ಕೂಲಲ್ಲಿ ಬಿಸಿಯೂಟ ಬೇಯಿಸಿದವಳು. "ಅಂದ್ರೆ ಒಂದೇ ಅಂಡೆ. ಒಂದ್ನೇ ಕ್ಲಾಸ್ನೋವಕ್ಕೆ ಅರ್ಧ ಸೌಟು, ಏಳ್ನೇ ಕ್ಲಾಸ್ನೋವಕ್ಕೆ ಎರಡು."

"ಅಷ್ಟೇ ಕಣವ್ವ."

"ಅಷ್ಟಕ್ಕೇ ಅಷ್ಟೊಂದ್ ಇಂಗ್ಲಿಷಾ?"

ನಗು ಬಂತು. ಜೋರಾಗಿ ನಗೋಕೂ ಹೆದರಿಕೆ. ಹೊಲಿಗೆ.

ಮಾರ್ಚ್ 2, ಭಾನುವಾರ

ಇವತ್ತಿನದು ಸಲೀಸಾಗಿ ಮುಗೀತು. ನೋಡೋರಿಗೆ ಅರ್ಧ ನಿಮಿಷ ತಡವಾಗಿ ಹೋಗೋ ಹಾಗೆ ನಾನೇ ಇಟ್ಟಿದೀನಿ. ಹಳ್ಳಿ ಕಡೆ ನೆಟ್ ಬಂದು ಹೋಗಿ ಮಾಡುತ್ತಲ್ಲ, ಒಂದಿಷ್ಟು ದಾಸ್ತಾನು ಇದ್ರೆ ಚಿತ್ರ ನಿಲ್ಲಲ್ಲ. ಸರ್ವರ್ ನೋಡ್ಕೊಳ್ಳೋ ನನ್ನ ಪೇಜಲ್ಲಿ ಮಾತ್ರ ಆಗಿದ್ದು ಆಗಲೇ ಕಾಣುತ್ತೆ. ಲೋಕಕ್ಕಿಂತ ಅರ್ಧ ನಿಮಿಷ ಮುಂಚೆ ನಾನು ತಾಳಿ ನೋಡಿರ್ತೀನಿ. ಮಲಗಿದ್ದಕ್ಕೆ ಸಿಕ್ಕ ಭಾಗ್ಯ.

ಮುಗಿದ ಮೇಲೆ ಮೂರ್ತಿ ಲೆನ್ಸ್ ಮುಂದೆ ಹೆಬ್ಬೆರಳು ಎತ್ತುತ್ತಾರೆ. ನಾನು ಸ್ಟಾಪ್ ಒತ್ತುತೀನಿ. ಒತ್ತಿದ್ರೆ ಲೈವ್ ಎಲ್ಲಾ ಖಾಲಿ. ಇನ್ನೂ ಯಾರಿಗೂ ತಲುಪದ ಆ ಅರ್ಧ ನಿಮಿಷವೂ ಅಳಿಸಿ ಹೋಗುತ್ತೆ, ನನ್ನ ಪೇಜೂ ಕಪ್ಪು. ಇವತ್ತು ಹೆಬ್ಬೆರಳ ಉಗುರಲ್ಲಿ ಮಣ್ಣಿತ್ತು. ಕತ್ತರಿಸಿಕೊಳ್ಳಿ ಅನ್ನೋಣ ಅಂದ್ರೆ ಲೈವ್ ಹೊತ್ತಲ್ಲಿ ಅವರ ಫೋನ್ ಸ್ವಿಚ್ ಆಫ್. ಒಂದು ಸಲ ಧಾರೆ ಹೊತ್ತಲ್ಲಿ ಅವರ ರಿಂಗ್‌ಟೋನು ಮೈಕಿಗೆ ಹತ್ತಿ ಮಾನ ಹೋಗಿತ್ತು. ಹಾಗಾಗಿ ಅವರು ತೋರಿಸ್ತಾರೆ, ನಾನು ನೋಡ್ತೀನಿ. ನಾನು ಹೇಳೋದು ಅವರಿಗೆ ಕೇಳಿಸಲ್ಲ.

ಮಾರ್ಚ್ 10, ಸೋಮವಾರ

ಮೂರ್ತಿ ಬಂದಿದ್ರು. ಹದಿನೈದು ದಿನ ಆದಮೇಲೆ. ಹೊಸ್ತಿಲ ಹತ್ರ ಪ್ಲಾಸ್ಟಿಕ್ ಕುರ್ಚಿ ಎಳ್ಕೊಂಡು ಕೂತ್ರು. ಸಾಲ ವಸೂಲಿಗೆ ಬಂದವರ ಥರ.

"ತಿಂದ್ಯಾ?"

"ಹ್ಞೂಂ."

"ಮಾತ್ರೆ?"

"ತಗೊಂಡೆ."

ಆಮೇಲೆ ಫೋನ್ ನೋಡಿದ್ರು. ಕ್ಯಾಲೆಂಡರ್ ನೋಡಿದ್ರು. ಅವ್ವನ ಕೋಳಿ ನೋಡಿದ್ರು. ನನ್ನ ಮುಖ ನೋಡಲಿಲ್ಲ, ಹೊಟ್ಟೆ ಅಂತೂ ನೋಡಲೇ ಇಲ್ಲ. ಟೀ ಕುಡಿದು ಎದ್ರು.

ಹೋದ ವರ್ಷ ಹೀಗಿರಲಿಲ್ಲ. ದಿನಾ ಹೊಟ್ಟೆಗೆ ಕಿವಿ ಇಟ್ಟು ಏನೇನೋ ಮಾತಾಡ್ತಿದ್ರು. ವಾರಕ್ಕೊಂದು ಸಲ ನನ್ನನ್ನ ಕಿಟಕಿ ಹತ್ರ ನಿಲ್ಲಿಸಿ ವೀಡಿಯೋ ತೆಗೀತಿದ್ರು, ಹೊಟ್ಟೆ ಎಷ್ಟು ಬಂತು ಅಂತ. ಮಗು ಹೋಯ್ತು. ಮೂರನೇ ದಿನಕ್ಕೆ ಕ್ಯಾಮೆರಾ ಎತ್ಕೊಂಡು ಯಾರದೋ ಮಗೂಗೆ ಹೆಸರಿಡೋ ಶೂಟಿಂಗಿಗೆ ಹೋದ್ರು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವತ್ತಿಂದ ನನ್ನೊಳಗೆ ಏನೋ ಗಟ್ಟಿಯಾಗಿ ಕೂತಿದೆ. ಇವರ ಮನಸ್ಸು ಕಲ್ಲು ಅಂತ ಬರೆದ್ರೆ ತಪ್ಪಾಗುತ್ತೆ. ಆದ್ರೂ ಬರೆದೆ.

ಮಾರ್ಚ್ 23, ಭಾನುವಾರ. ಮಧ್ಯಾಹ್ನ

ಮರೆಯೋ ಮುಂಚೆ ಬರೆದುಬಿಡ್ತೀನಿ.

ಮದುವೆ ಮುಗಿದಿತ್ತು. ಜನ ಊಟಕ್ಕೆ ಹೋಗಿದ್ರು. ಲೈವಲ್ಲಿ ಇನ್ನೂ ನಾಲ್ಕು ಜನ ಉಳಿದಿದ್ರು. ಹೆಬ್ಬೆರಳಿಗೆ ಕಾಯ್ತಿದ್ದೆ. ಬರಲಿಲ್ಲ. ಮೂರ್ತಿ ಮರೆತು ಕ್ಯಾಮೆರಾನ ಹಾಗೇ ಕುರ್ಚಿ ಮೇಲೆ ಇಟ್ಟುಬಿಟ್ರು. ಸ್ಕ್ರೀನ್ ತುಂಬ ಇನ್ನೊಂದು ಕುರ್ಚಿಯ ಕಾಲು, ಉದುರಿದ ಸೇವಂತಿಗೆ. ಮೈಕ್ ಆನ್.

ವಾಲಗದ ರಂಗನಾಯಕಣ್ಣನ ದನಿ ಕೇಳಿಸ್ತು. ಆ ಕಡೆಯ ಎಲ್ಲ ಮದುವೇಲೂ ಊದೋದು ಅವರೇ, ಮೂರ್ತೀನ ತಮ್ಮನ ಥರ ನೋಡ್ತಾರೆ.

"ಯಾಕ್ಲಾ ಮೂರ್ತಿ, ಸಪ್ಪಗಿದ್ದೀಯ? ಎಂಡ್ರು ನೋಡ್ಕಂಡ್ ಬರಕ್ ಓಗ್ನಿಲ್ವಾ?"

"ಓಗ್ತೀನಿ ಅಣ್ಣ. ಓಗಿ ಬಾಗ್ಲಲ್ ಕೂತ್ಕಂಡ್ ಬತ್ತೀನಿ."

"ಬಾಗ್ಲಲ್ಲಿ ಯಾಕ್ಲಾ?"

ಆಗಲೇ ಸ್ಟಾಪ್ ಒತ್ತಬೇಕಿತ್ತು. ಒತ್ತಲಿಲ್ಲ. ಅರ್ಧ ನಿಮಿಷ ಇದೆಯಲ್ಲ ಅಂದ್ಕೊಂಡೆ.

"ಓದ್ ಸಲ ನೋಡಿದ್ದೇ ಜಾಸ್ತಿ ಆಯ್ತು ಅಣ್ಣ. ವಾರ ವಾರ ವೀಡಿಯೋ ಬ್ಯಾರೆ ತೆಗುದ್ಬುಟ್ಟೆ. ನನ್ ಕಣ್ಣೇ ತಾಕ್ಬುಡ್ತು ಮೊಗೀಗೆ. ನಂಗೊತ್ತು. ಈ ಸಲ ಉಟ್ಟಿ ಗಟ್ಟಿಯಾಗೋಗಂಟ ನೋಡಾಕಿಲ್ಲ ಅಂತ ಮಾಡ್ಕಂಡಿವ್ನಿ."

"ಥೂ, ಉಚ್ಚ ಕಣ್ಲಾ ನೀನು. ಇಂದ್ರಂಗೆ ಏಳಿದ್ಯಾ?"

"ಎಂಗ್ ಏಳನೆ? ಅವ್ಳು ಓದ್ ಸಲ ಆಸ್ಪತ್ರೇಲಿ ಮಲ್ಗಿದ್ದಾಗ ನಾನು..."

ಬೆರಳು ಸ್ಟಾಪ್ ಮೇಲೇ ಇತ್ತು. ಮುಂದಿನದು ಕೇಳಬೇಕು ಅಂದ್ರೆ ಹಿಂದಿನದು ನಾಲ್ಕು ಮನೆಗೆ ಹೋಗಿ ಮುಟ್ಟುತ್ತೆ. ಯಾರೋ ದೂರದ ನೆಂಟರು ಸೋಫಾ ಮೇಲೆ ಕೂತು ನನ್ನ ಗಂಡ ಅಳೋದು ಕೇಳ್ತಾರೆ. ಹೌದು, ಅಳ್ತಿದ್ರು. ದನಿ ಒಡೀತು.

ಒತ್ತಿದೆ. ಕಪ್ಪಾಯ್ತು.

ಆಸ್ಪತ್ರೇಲಿ ನಾನು ಮಲಗಿದ್ದಾಗ ಅವರು ಏನು ಮಾಡಿದ್ರು ಅಂತ ಗೊತ್ತಾಗಲಿಲ್ಲ.

ಮಾರ್ಚ್ 24

ಮದುವೆಯವರಿಗೆ ಕೊಡೋಕೆ ಸರ್ವರಲ್ಲಿ ಬೇರೆಯಾಗಿ ಇಡೋ ರೆಕಾರ್ಡಿಂಗ್ ಉಳಿದಿತ್ತು. ಕೊನೆಯ ತುಂಡು ಕತ್ತರಿಸಿ ಅಳಿಸಿದೆ. ಇಟ್ಕೊಳ್ಳೋ ಆಸೆ ಬಹಳ ಆಯ್ತು. ಒಂದು ಸಲ ಕದ್ದು ಕೇಳಿದ್ದೇ ಸಾಕು.

ಮೂರ್ತಿ ಫೋನ್ ಮಾಡಿದ್ರು. "ನೆನ್ನೆ ಕ್ಯಾಮ್ರಾ ಆಫ್ ಮಾಡದ್ ಮರ್ತೋಗಿದ್ದೆ. ಏನಾರ ಓಯ್ತಾ?"

"ಕುರ್ಚಿ ಕಾಲು ಹೋಯ್ತು."

"ಮಾತು?"

"ಯಾರಿಗೂ ಹೋಗಿಲ್ಲ."

ಸುಳ್ಳೇನೂ ಹೇಳಲಿಲ್ಲ.

ಮಾರ್ಚ್ 27

ಅವ್ವ ದಂಟಿನ ಸೊಪ್ಪು ಬಿಡಿಸ್ತಾ ಕೂತಿದ್ಲು.

"ಅವ್ವಾ, ಅಪ್ಪನ ಕಣ್ಣು ಮಗೂಗೆ ತಾಕುತ್ತಾ?"

"ಮದ್ಲು ತಾಕದೇ ಅವ್ರುದ್ದು. ಆಸೆ ಜಾಸ್ತಿ ಅಲ್ವಾ."

"ಮೂರ್ತಿ ಮುಂದೆ ಹೀಗಂದಿದ್ಯಾ?"

"ಅಂದಿರ್ಬೌದು ಕಣವ್ವ. ಓದ್ ವರ್ಸ ಅಳಿಮಯ್ಯ ಒಟ್ಟೆ ವೀಡಿಯೋನ ಬೀದಿಗೆಲ್ಲಾ ತೋರುಸ್ಕಂಡ್ ಓಡಾಡ್ತಿದ್ರಲ್ಲ. ತಮಾಸೆಗೆ ಅಂದಿರ್ತೀನಿ. ಯಾಕೆ?"

"ಸುಮ್ಮನೆ."

ಅವ್ವನಿಗೆ ನೆನಪೂ ಇಲ್ಲ. ಸೊಪ್ಪು ಬಿಡಿಸ್ತಾ ಆಡಿದ ಮಾತು ಅಷ್ಟೇ. ಆ ಮನುಷ್ಯ ಅದನ್ನ ಒಂದು ವರ್ಷದಿಂದ ಎದೇಲಿ ಇಟ್ಕೊಂಡು ಓಡಾಡ್ತಿದಾರೆ. ಊರಿನ ಮದುವೆ ಮುಂಜಿ ಎಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಅನ್ನ ತಿನ್ನೋರು, ತನ್ನ ಹೆಂಡತಿ ಕಡೆ ನೋಡೋಕೆ ಹೆದರ್ತಾರೆ. ಪಾಪ ಅನ್ನಿಸ್ತು. ಸಿಟ್ಟೂ ಬಂತು, ಕೋಳಿ ನೋಡ್ಕೊಂಡು ಕೂರೋ ಬದಲು ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಅಂತ.

ನನಗೆ ದೃಷ್ಟಿ ಗಿಷ್ಟಿ ಎಲ್ಲ ನಂಬಿಕೆ ಇಲ್ಲ. ಇಲ್ಲ ಅಂತ ಬರೀತಿದೀನಿ. ಅವ್ವ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಿತ್ತಲ ಒಲೆಗೆ ಹಾಕೋವಾಗ ತೆಪ್ಪಗೆ ಮಲಗಿರೋಳೂ ನಾನೇ.

ಏಪ್ರಿಲ್ 7, ಸೋಮವಾರ

ಮತ್ತೆ ಅದೇ ಕುರ್ಚಿ, ಅದೇ ಹೊಸ್ತಿಲು. ಈ ಸಲ ನಾನೂ ಬಿಡಲಿಲ್ಲ.

"ರೀ, ಒದೀತಿದೆ. ಬನ್ನಿ, ಕೈ ಇಟ್ಟು ನೋಡಿ."

"ಕೈಯೆಲ್ಲಾ ಗ್ರೀಸು ಇಂದ್ರಾ. ಗಾಡಿ ಚೈನ್ ಬಿದ್ದೋಗಿತ್ತು."

"ಒರೆಸಿಕೊಳ್ಳಿ."

ಎದ್ರು. ಹತ್ರ ಬಂದ್ರು. ಮಂಚದ ಕೊನೇಲಿ ಕೂತು, "ಕಾಲ್ ಊದ್ಕಂಡವೆ" ಅಂತ ಪಾದ ಒತ್ತೋಕೆ ಶುರು ಮಾಡಿದ್ರು. ಅದೇ ಗ್ರೀಸ್ ಕೈಯಲ್ಲಿ. ಪಾದಕ್ಕೆ ಕಣ್ಣು ತಾಕಲ್ಲ ಅಂತ ಲೆಕ್ಕ ಇರಬೇಕು. ಬಹಳ ಹೊತ್ತು ಒತ್ತಿದ್ರು. ಎರಡೂ ಪಾದ ಕರ್ರಗಾಯ್ತು. ಅವ್ವ ಆಮೇಲೆ ಸೋಪು ಹಚ್ಚಿ ತೊಳೆಯೋವಾಗ ಇಬ್ಬರನ್ನೂ ಸೇರಿಸಿ ಬೈದ್ಲು.

ಹೇಳಿಬಿಡೋಣ ಅಂತ ಬಾಯಿವರೆಗೂ ಬಂದಿತ್ತು. ಕೇಳಿಸ್ಕೊಂಡೆ ರೀ, ನಿಮ್ಮ ಕಣ್ಣಿಂದ ಏನೂ ಆಗಿಲ್ಲ, ನೋಡಿ ಅಂತ. ಹೇಳಲಿಲ್ಲ. ನೋಡಿದ ಮೇಲೆ ಈ ಸಲವೂ ಏನಾದ್ರೂ ಆದ್ರೆ? ಆಮೇಲೆ ಅವರು ಜೀವಮಾನದಲ್ಲಿ ಯಾರನ್ನೂ ತಲೆ ಎತ್ತಿ ನೋಡಲ್ಲ. ಮಗು ಉಳಿಯೋವರೆಗೂ ಈ ಮಾತು ನನ್ನಲ್ಲೇ ಇರಲಿ. ಮಗು ಉಳೀಲಿ. ಅಷ್ಟೇ ಬೇಕಿರೋದು.

ಏಪ್ರಿಲ್ 25

ರಕ್ತ ಕಂಡಿತ್ತು. ಆಸ್ಪತ್ರೇಲಿದ್ದು ಇವತ್ತು ವಾಪಸ್ ಬಂದೆ. ಹೊಲಿಗೆ ಹಿಡಿದಿದೆ ಅಂದ್ರು. ಮೂರ್ತಿ ಅಷ್ಟೂ ದಿನ ವಾರ್ಡಿನ ಹೊರಗೆ ಬೆಂಚ್ ಮೇಲೇ ಇದ್ರು. ಒಳಗೆ ಬರಲಿಲ್ಲ. ಪಕ್ಕದ ಬೆಡ್ಡಿನವಳು, "ಜಗಳ ಆಡ್ಕೊಂಡಿದ್ದೀರಾ?" ಅಂತ ಕೇಳಿದ್ಲು. ಇಲ್ಲ ಅಂದೆ. ನಾಚಿಕೆ ಸ್ವಭಾವ ಅಂದೆ.

ಮೇ 18, ಭಾನುವಾರ. ಬೆಳಿಗ್ಗೆ 10.15

ಲೈವ್ ನಡೀತಿದೆ. ಮುಹೂರ್ತ ಹತ್ರ. ಸೊಂಟ ಹಿಡೀತಿದೆ. ಅಂಗಾತ ಮಲಗಿದ್ದಕ್ಕಿರಬೇಕು.

ಅಲ್ಲ. ಮತ್ತೆ ಬಂತು.

ಅವ್ವ 108ಕ್ಕೆ ಫೋನ್ ಮಾಡ್ತಿದಾಳೆ. ಇನ್ನೂ ಎಂಟೇ ತಿಂಗಳು... ಅವರ ಫೋನ್ ಆಫ್.

ಮೇ 20. ಮೈಸೂರು, ಆಸ್ಪತ್ರೆ

ಮಗಳು. ಒಂದೂ ಮುಕ್ಕಾಲು ಕೆಜಿ. ಆಪರೇಷನ್ ಮಾಡಿ ತೆಗೆದ್ರು. ಉಸಿರಾಟ ಸರಿ ಹೋಗೋವರೆಗೂ ಗಾಜಿನ ಪೆಟ್ಟಿಗೇಲಿ ಇಡಬೇಕಂತೆ, ಮೇಲಿನ ಫ್ಲೋರಲ್ಲಿ. ನಾನಿನ್ನೂ ನೋಡಿಲ್ಲ. ಹುಟ್ಟಿದ ತಕ್ಷಣ ಎತ್ಕೊಂಡು ಓಡಿದ್ರು.

ಅವತ್ತಿನದು ಬರೀಬೇಕು. ಅವರಿಗೆ ಹೇಗೆ ತಿಳಿಸೋದು ಅಂತ ಹೊಳೀಲಿಲ್ಲ. ಆಮೇಲೆ ಸ್ಕ್ರೀನ್ ಕೆಳಗೆ ಓಡೋ ಅಕ್ಷರ ಕಣ್ಣಿಗೆ ಬಿತ್ತು. ವಧೂವರರ ಹೆಸರು ಓಡ್ತಿತ್ತು. ಅದನ್ನ ಸರ್ವರಲ್ಲೇ ಸೇರಿಸೋದು, ಟೈಪ್ ಮಾಡೋಳು ನಾನೇ. ಅಳಿಸಿ ಬರೆದೆ: "ಕ್ಯಾಮೆರಾ ಶಿವಮೂರ್ತಿ ಅವರಿಗೆ ಯಾರಾದ್ರೂ ದಯವಿಟ್ಟು ಹೇಳಿ. ಹೆಂಡತಿಗೆ ನೋವು ಬಂದಿದೆ. ಮೈಸೂರು ದೊಡ್ಡಾಸ್ಪತ್ರೆಗೆ ಹೊರಟಿದೀವಿ."

ಅದು ಜನಕ್ಕೆ ಕಾಣಬೇಕಾದ್ರೆ ಅರ್ಧ ನಿಮಿಷ. ನಾನೇ ಇಟ್ಟಿದ್ದ ಅರ್ಧ ನಿಮಿಷ. ಅಷ್ಟು ಉದ್ದದ ಅರ್ಧ ನಿಮಿಷವನ್ನ ಶತ್ರುವಿಗೂ ಕೊಡಬೇಡಪ್ಪ.

ಕವಲಂದೇಲಿ ಚನ್ನಬಸಮ್ಮ ಅಂತ ಒಬ್ಬರು, ಗಂಡಿನ ದೊಡ್ಡಮ್ಮ. ಕಾಲು ಮುರಿದು ಮನೇಲೇ ಉಳ್ಕೊಂಡು ಟೀವೀಲಿ ನೋಡ್ತಿದ್ರಂತೆ. ಛತ್ರದಲ್ಲಿದ್ದ ಮಗನಿಗೆ ತಕ್ಷಣ ಫೋನ್. ನನ್ನ ಪೇಜಲ್ಲಿ ಕಂಡಿತು: ಬಿಳಿ ಪಂಚೆಯವರೊಬ್ಬರು ಜನರನ್ನ ತಳ್ಕೊಂಡು ನೇರ ಕ್ಯಾಮೆರಾ ಹತ್ರ ಬಂದ್ರು.

"ಏ ಮೂರ್ತಿ, ನಿನ್ ಮನೆಯೋರ್ಗೆ ನೋವಂತೆ ಕಣಯ್ಯ. ನಮ್ಮವ್ವ ಫೋನ್ ಮಾಡವ್ಳೆ. ನಡಿ, ನಡಿ."

"ಸಾ, ಮೂರ್ತದ್ ಟೈಮು..."

"ಮೂರ್ತ ನಾವ್ ಮಾಡ್ಕತೀವಿ. ನೀ ಓಗು."

ಕ್ಯಾಮೆರಾ ಒಂದು ಸಲ ಓಲಾಡಿ ನಿಂತ್ಕೊಳ್ತು. ಸ್ಟ್ಯಾಂಡ್ ಮೇಲೆ ಅದೊಂದೇ. ಒಂದು ಕಂಬ, ಅರ್ಧ ಮದುವೆ ಗಂಡು. ಸ್ಟಾಪ್ ಒತ್ತಲಿಲ್ಲ. ಆಂಬ್ಯುಲೆನ್ಸ್ ಬಂತು. ಬ್ಯಾಟರಿ ಮುಗಿಯೋವರೆಗೂ ಆ ಅರ್ಧ ಗಂಡನ್ನೇ ಜನ ನೋಡಿದ್ರಂತೆ. ಒಬ್ಬರೂ ಬೈದಿಲ್ಲ. ಕೆಳಗೆ ಕಾಮೆಂಟಲ್ಲೆಲ್ಲ, ಕ್ಯಾಮೆರಾದವರ ಹೆಂಡತಿಗೆ ಹೆರಿಗೆ ಆಯ್ತಾ ಅಂತ.

ಆಸ್ಪತ್ರೆ ಬಾಗಿಲಿಗೆ ನಮಗಿಂತ ಮುಂಚೆ ಅವರ ಗಾಡಿ ಬಂದಿತ್ತು. ಸ್ಟ್ರೆಚರ್ ಜೊತೆ ಓಡಿ ಬಂದ್ರು. ನನ್ನ ಪಾದ ಹಿಡ್ಕೊಂಡಿದ್ರು.

ಮೇ 21. ಸಂಜೆ

ಹೊಲಿಗೆ ಎಳೀತಿದೆ. ಆದ್ರೂ ಬರೀಬೇಕು. ಅವರು ಮೇಲಿಂದ ಇಳಿದು ಬರೋದ್ರೊಳಗೆ.

ತಂದೆ ಮಾತ್ರ ಕಾರಿಡಾರಲ್ಲಿ ನಿಂತು ಗಾಜಿನಾಚೆಯಿಂದ ನೋಡಬಹುದಂತೆ. ವೀಡಿಯೋ ಕಾಲ್ ಮಾಡಿ ಫೋನ್‌ನ ಗಾಜಿಗೆ ಹಿಡಿದ್ರು. ಕಂಡ್ಲು. ಟೋಪಿ. ಮೂಗಿಗೆ ಪೈಪು. ನನ್ನ ಬೆರಳಿನಷ್ಟು ತೋಳು. ಹೊಟ್ಟೆ ಪಟಪಟ ಏರ್ತಿತ್ತು, ಇಳೀತಿತ್ತು. ಅತ್ತುಬಿಟ್ಟೆ. ಎಷ್ಟೋ ಹೊತ್ತು ಬರೀ ಅತ್ತೆ.

ಕಣ್ಣೊರೆಸಿಕೊಂಡು ಮತ್ತೆ ನೋಡಿದ್ರೆ ಗಾಜಿನಲ್ಲಿ ಅವರ ನೆರಳೂ ಕಾಣ್ತಿತ್ತು. ಫೋನ್ ಹಿಡಿದ ಕೈ ಮುಂದಕ್ಕೆ ಚಾಚಿದೆ. ಮುಖ ಪೂರ್ತಿ ಗೋಡೆ ಕಡೆಗೆ.

"ಮೂಗು ಯಾರ ಥರ ಇದೆ ರೀ?"

ಫೋನ್‌ನ ಗಾಜಿಗೆ ಇನ್ನಷ್ಟು ಒತ್ತಿ ಹಿಡಿದ್ರು.

"ನೀವು ನೋಡೇ ಇಲ್ಲ."

"ಇನ್ನೆರಡ್ ದಿನ ಕಳುದ್ರೆ ಭಯ ಇಲ್ಲ ಅಂದವ್ರೆ ಡಾಕ್ಟ್ರು. ಆಮೇಲ್ ನೋಡ್ತೀನಿ ಇಂದ್ರಾ. ನೀ ನೋಡು."

ಹೇಳಿಬಿಟ್ಟೆ. ಕ್ಯಾಮೆರಾ ಆಫ್ ಮಾಡೋದು ಮರೆತ ದಿನ ರಂಗನಾಯಕಣ್ಣನ ಹತ್ರ ಆಡಿದ ಮಾತು ನನಗೆ ಬಂದಿತ್ತು ಅಂತ. ನನಗೊಬ್ಬಳಿಗೇ ಬಂದಿತ್ತು ಅಂತ. ಫೋನಿನ ಚಿತ್ರ ಅಲುಗಾಡಿತು. ಮಗಳು ಅಲುಗಾಡಿದ್ಲು, ಪೆಟ್ಟಿಗೆ ಅಲುಗಾಡ್ತು.

"ಫೋನ್ ಇಳಿಸಿ. ವೀಲ್‌ಚೇರ್ ತಗೊಂಡು ಬನ್ನಿ. ನರ್ಸಮ್ಮನ್ನ ನಾನು ಕೇಳ್ಕೋತೀನಿ. ಇಬ್ಬರೂ ಒಟ್ಟಿಗೆ ನೋಡೋಣ. ತಾಕಿದ್ರೆ ಇಬ್ಬರದೂ ತಾಕಲಿ."

"ಏನಾರ ಆದ್ರೆ?"

ನನಗೂ ಅದೇ ಭಯ. ಆದ್ರೂ ಅಂದೆ. "ಆದ್ರೆ, ನೋಡಿದ್ವಿ ಅಂತಾದ್ರೂ ಇರುತ್ತೆ. ಹೋದ ಸಲದ್ದರ ಮುಖ ನೀವೂ ನೋಡಿಲ್ಲ, ನಾನೂ ನೋಡಿಲ್ಲ."

ಮೆಲ್ಲಗೆ ಅಂದ್ರು. "ನಾನ್ ನೋಡ್ದೆ ಇಂದ್ರಾ. ನೀನು ಮಲ್ಗಿದ್ದೆ. ನರ್ಸು ಬಟ್ಟೇಲಿ ಸುತ್ತಿ ನನ್ ಕೈಲಿ ಕೊಟ್ರು. ನಾನೊಬ್ನೇ ನೋಡ್ದೆ."

ಇಷ್ಟು ದಿನ. ಒಬ್ಬರೇ.

"ಬನ್ನಿ" ಅಂದೆ ಅಷ್ಟೇ. ಕಾಲ್ ಕಟ್ ಆಯ್ತು.

ನರ್ಸಮ್ಮ ಐದು ನಿಮಿಷ ಅಂತ ಒಪ್ಪಿದ್ರು. ಕಾರಿಡಾರಲ್ಲಿ ಗಾಲಿ ಸದ್ದು ಕೇಳ್ತಿದೆ. ತಲೆ ಬಾಚಿಲ್ಲ, ಮುಖ ತೊಳೆದಿಲ್ಲ, ಮಗಳು ಮೊದಲ ಸಲ ಇದೇ ಅವತಾರದಲ್ಲಿ ಅಮ್ಮನ್ನ ನೋಡಬೇಕು... ಬಂದ್ರು. ಕಣ್ಣೆಲ್ಲ ಕೆಂಪಗಿದೆ. ಬಾಗಿಲಲ್ಲಿ ನಿಲ್ಲಲಿಲ್ಲ. ಬರೀತಿರೋದು ನಿಲ್ಲಿಸು ಅಂತಿದಾರೆ. ನನ್ನ ಮುಖವನ್ನೇ ನೋಡ್ತಿದಾರೆ.